ಅನ್ನದ ಅಳತೆ – ಗೃಹಸ್ಥನ ಒಂದು ವ್ರತ

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರು ಭಾಷ್ಯ ರಚಿಸಿರುವ ದಶೋಪನಿಷತ್ತುಗಳಲ್ಲಿ ತೈತ್ತಿರೀಯವೂ ಒಂದು. ಅನ್ನವನ್ನು ನಿಂದಿಸಬಾರದು, ತಿರಸ್ಕರಿಸಬಾರದು, ವೃದ್ಧಿಪಡಿಸಬೇಕು, ಮನೆಗೆ ಬಂದವರನ್ನು ಹಿಂದಿರುಗಿಸಬಾರದು ಎಂಬ ವಿಧಿಗಳನ್ನು ಅದರ ಭೃಗುವಲ್ಲಿಯು ವ್ರತಗಳೆಂದೇ ಕರೆಯುತ್ತದೆ. ಏಕಾದಶಿಯನ್ನು ತಪ್ಪದೆ ಆಚರಿಸುವ ನಾವು ಈ ವ್ರತಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿದ್ದೇವೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂದು ಅಂದಾಜು. ಸಿಪ್ಪೆ ಮೊದಲಾದವೂ ಇದರಲ್ಲಿ ಸೇರಿವೆ. ಹೀಗೆ ಬಿಸುಟದ್ದು ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು, ಭೂಮಿಯ ತಾಪವನ್ನು ಹೆಚ್ಚಿಸುವ ಮೀಥೇನ್ ಅನಿಲವನ್ನು ಹೊರಸೂಸುತ್ತದೆ.

ನಮ್ಮ ಮನೆಗಳಲ್ಲಿ ಒಂದು ವಿಶೇಷ ತೊಡಕೂ ಉಂಟು. ತಂಗಳನ್ನವು ನೈವೇದ್ಯಕ್ಕೆ ಬಾರದು. ಎಂಜಲನ್ನು ಇನ್ನೊಬ್ಬರಿಗೆ ಬಡಿಸಲಾಗದು. ಆದ್ದರಿಂದ ಉಳಿದದ್ದನ್ನು ಚೆಲ್ಲುವುದೇ ಮಡಿಯೆಂಬ ಭಾವನೆ ಬೇರೂರಿದೆ. ಆದರೆ ಶಾಸ್ತ್ರವು ತಂಗಳನ್ನು ನಿಷೇಧಿಸಿದೆಯೇ ಹೊರತು ಮಿಗಿಸಲು ಅನುಮತಿ ನೀಡಿಲ್ಲ.

ಛಾಂದೋಗ್ಯದ ಉಷಸ್ತಿ ಚಾಕ್ರಾಯಣನ ಕಥೆ ಇಲ್ಲಿ ಸ್ಮರಣೀಯ. ಕುರುದೇಶದಲ್ಲಿ ಬೆಳೆ ಹಾಳಾದಾಗ, ಹಸಿದ ಆ ಜ್ಞಾನಿಯು ಒಬ್ಬನು ತಿನ್ನುತ್ತಿದ್ದ ಕಾಳನ್ನೇ ಬೇಡಿ ತಿಂದನು. ಅವನು ಕುಡಿದುಳಿದ ನೀರನ್ನು ಮಾತ್ರ ಒಲ್ಲೆನೆಂದನು. ಕಾಳಿಲ್ಲದಿದ್ದರೆ ಪ್ರಾಣ ನಿಲ್ಲುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುತ್ತಿತ್ತು. ಮಿಕ್ಕ ಕಾಳನ್ನು ಪತ್ನಿಗೆ ಒಯ್ದನು. ಆಕೆಗೆ ಆಗಲೇ ಭಿಕ್ಷೆ ದೊರೆತಿದ್ದರೂ ಅದನ್ನು ಚೆಲ್ಲದೆ ಕಾದಿರಿಸಿದಳು. ಮರುದಿನ ಅದನ್ನೇ ಉಂಡು ಅವನು ರಾಜನ ಯಜ್ಞಕ್ಕೆ ಹೋದನು. ಇಂತಹ ಅನುಮತಿ ಪ್ರಾಣಸಂಕಟಕ್ಕೆ ಮಾತ್ರ ಎಂಬುದು ಬ್ರಹ್ಮಸೂತ್ರಗಳ ನಿರ್ಣಯ. ಹಾಗಾದರೆ ಸಂಕಟವಿಲ್ಲದ ನಮಗೆ ಉಳಿದಿರುವ ದಾರಿ ಒಂದೇ: ಒಲೆ ಹೊತ್ತಿಸುವ ಮೊದಲೇ ಅಳೆಯುವುದು.

ಇದಕ್ಕೆ ಉಡುಪಿಯೇ ಆದರ್ಶ. ಪರ್ಯಾಯಕ್ಕೆ ಬಹಳ ಮುಂಚೆಯೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ನಡೆಯುತ್ತವೆ. ಎಲೆಯೂ ಅಕ್ಕಿಯೂ ಮೊದಲೇ ಸಿದ್ಧವಾಗಬೇಕೆಂಬ ದೂರದೃಷ್ಟಿ ಅಲ್ಲಿದೆ. ಮನೆಯಲ್ಲಿಯೂ ಹೀಗೆಯೇ ನಡೆಯಬಹುದು. ಉಣ್ಣುವವರೆಷ್ಟು ಮಂದಿ ಎಂದು ಕೇಳಿಯೇ ಅಕ್ಕಿಯನ್ನು ಪಾವಿನಲ್ಲಿ ಅಳೆಯಬೇಕು. ದಶಮಿಯಂದು ತರಕಾರಿ ತರುವ ಮೊದಲು ಏಕಾದಶಿಯನ್ನು ನೆನೆಯಬೇಕು. ಶಾಕವ್ರತಕ್ಕೆ ಮುನ್ನ ಮನೆಯ ತರಕಾರಿಯನ್ನೂ, ದ್ವಿದಳವ್ರತಕ್ಕೆ ಮುನ್ನ ಡಬ್ಬಿಯ ಬೇಳೆಯನ್ನೂ ಬಳಸಿ ಮುಗಿಸಬೇಕು. ಎಲೆಗೆ ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಬಡಿಸುವುದು ಒಳ್ಳೆಯದು. ಪಾತ್ರೆಯಲ್ಲಿ ಮಿಕ್ಕರೆ ಅಂದೇ, ಕೆಡುವ ಮೊದಲೇ, ಹಸಿದವರಿಗೆ ಕೊಡಬೇಕು. ಹೀರೇಕಾಯಿಯ ಸಿಪ್ಪೆ ಚಟ್ನಿಯಾದೀತು; ಅಕ್ಕಚ್ಚು ಹಸುವಿಗಾದೀತು; ಉಂಡ ಬಾಳೆಲೆ ಗುಂಡಿಯಲ್ಲಿ ಗೊಬ್ಬರವಾದೀತು.

ಭಗವಂತನಿಗೆ ಅರ್ಪಿಸಿದ ಮೇಲೆ ಅನ್ನವು ನಮ್ಮ ಸೊತ್ತಲ್ಲ, ಅವನ ಪ್ರಸಾದ. ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ಕೈಯೇ ಅದನ್ನು ಕಸಕ್ಕೆ ಸುರಿಯಬಾರದು. ಈ ಸಂಕಲ್ಪವನ್ನು ಮುಂದಿನ ದ್ವಾದಶಿಯ ಪಾರಣೆಯಿಂದಲೇ ಆರಂಭಿಸೋಣ.

ಶ್ರೀಕೃಷ್ಣಾರ್ಪಣಮಸ್ತು.