ದತ್ತಾಂಶ ಸಂಗ್ರಹದ ಅಳತೆಗಳು: ಬೈಟ್‌ನಿಂದ ಟೆರಾಬೈಟ್‌ವರೆಗೆ

ಗ್ರಾಮ ಪಂಚಾಯಿತಿಯ ದಾಖಲೆಗಳು ಇಂದು ಕಡತದ ಕಟ್ಟುಗಳಲ್ಲಿ ಮಾತ್ರ ಉಳಿದಿಲ್ಲ. ತೆರಿಗೆಯ ಲೆಕ್ಕ, ಕಾಮಗಾರಿಗಳ ಛಾಯಾಚಿತ್ರ, ಗ್ರಾಮ ಸಭೆಯ ವಿಡಿಯೊ, ಸಿಸಿ ಕ್ಯಾಮೆರಾದ ದೃಶ್ಯಗಳು ಗಣಕಯಂತ್ರದಲ್ಲಿ ಸಂಗ್ರಹವಾಗುತ್ತಿವೆ. ಇವುಗಳಿಗಾಗಿ ಖರೀದಿಸಿದ ಹಾರ್ಡ್ ಡಿಸ್ಕ್, ಪೆನ್ ಡ್ರೈವ್‌ಗಳ ಬಿಲ್ಲು ಸಭೆಯ ಮುಂದೆ ಬರುತ್ತದೆ. ಜಲ್ಲಿ, ಮರಳಿನ ಲೋಡನ್ನು ಅಳೆದು ನೋಡುವ ಸದಸ್ಯರು ಈ ಸಾಮಗ್ರಿಯ ಅಳತೆಯನ್ನೂ ತಿಳಿದಿರುವುದು ಅಗತ್ಯ. ತಿಳಿಯದಿದ್ದಲ್ಲಿ ಎರಡು ಬಗೆಯ ಹಾನಿಯುಂಟು: ಸರಿಯಾದ ಸರಬರಾಜನ್ನು ವಂಚನೆಯೆಂದು ಶಂಕಿಸಬಹುದು, ಇಲ್ಲವೇ ಕಡಿಮೆ ಸಾಮಗ್ರಿಗೆ ಪೂರ್ಣ ಹಣ ಮಂಜೂರಾಗಬಹುದು.

1. ಅಳತೆಯ ಮೆಟ್ಟಿಲುಗಳು

ಗಣಕಯಂತ್ರದ ಅತಿ ಚಿಕ್ಕ ಅಳತೆ ಬಿಟ್. ಅದು 0 ಅಥವಾ 1 ಆಗಿರುತ್ತದೆ. ಇಂತಹ 8 ಬಿಟ್ ಸೇರಿದರೆ 1 ಬೈಟ್. ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಗುಣಿತದ ಚಿಹ್ನೆ, ಅನುಸ್ವಾರಗಳೂ ಪ್ರತ್ಯೇಕ ಸಂಕೇತಗಳೇ. ಆದ್ದರಿಂದ ‘ಪಂಚಾಯಿತಿ’ ಎಂಬ ಪದದಲ್ಲಿ 8 ಸಂಕೇತಗಳಿದ್ದು, ಅದು 24 ಬೈಟ್ ಜಾಗ ಪಡೆಯುತ್ತದೆ.

ಬೈಟ್‌ನ ಮೇಲಿನ ಅಳತೆಗಳು ಹೀಗಿವೆ:

1 ಕಿಲೋಬೈಟ್ (ಕೆಬಿ) = 1 ಸಾವಿರ ಬೈಟ್
1 ಮೆಗಾಬೈಟ್ (ಎಂಬಿ) = 1,000 ಕೆಬಿ = 10 ಲಕ್ಷ ಬೈಟ್
1 ಗಿಗಾಬೈಟ್ (ಜಿಬಿ) = 1,000 ಎಂಬಿ = 100 ಕೋಟಿ ಬೈಟ್
1 ಟೆರಾಬೈಟ್ (ಟಿಬಿ) = 1,000 ಜಿಬಿ = 1 ಲಕ್ಷ ಕೋಟಿ ಬೈಟ್

ಮೇಲಿನ ಅಳತೆಯಿಂದ ಕೆಳಗಿನದಕ್ಕೆ ಇಳಿಯುವಾಗ ಸಾವಿರದಿಂದ ಗುಣಿಸಬೇಕು. ಕೆಳಗಿನಿಂದ ಮೇಲೇರುವಾಗ ಸಾವಿರದಿಂದ ಭಾಗಿಸಬೇಕು.

2. ಒಂದೇ ಹೆಸರು, ಎರಡು ಲೆಕ್ಕ

ಹಿಂದೆ ಪಕ್ಕಾ ಸೇರು, ಕಚ್ಚಾ ಸೇರು ಎಂದು ಒಂದೇ ಹೆಸರಿನ ಎರಡು ಅಳತೆಗಳಿದ್ದವು. ಗಣಕಯಂತ್ರದ ಅಳತೆಯಲ್ಲಿಯೂ ಅಂತಹುದೇ ತೊಡಕಿದೆ. ಡಿಸ್ಕ್ ತಯಾರಕರು ಮೇಲಿನ ಪಟ್ಟಿಯಂತೆ ಸಾವಿರದ ಲೆಕ್ಕವನ್ನು ಅನುಸರಿಸುತ್ತಾರೆ. ಯಂತ್ರದೊಳಗಿನ ಎಣಿಕೆ ಎರಡರ ಗುಣಕಗಳಲ್ಲಿ ಸಾಗುವುದರಿಂದ ವಿಂಡೋಸ್ ವ್ಯವಸ್ಥೆಯು ಸಾವಿರದ ಬದಲು 1,024ರ ಲೆಕ್ಕವನ್ನು ಹಿಡಿಯುತ್ತದೆ. ಅದರ ಪ್ರಕಾರ 1 ಜಿಬಿ ಎಂದರೆ 107,37,41,824 ಬೈಟ್. ಈ ಗೊಂದಲವನ್ನು ನಿವಾರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1998ರಲ್ಲಿ 1,024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಅಂಗೀಕರಿಸಿತು. ಆದರೆ ವಿಂಡೋಸ್‌ನ ತೆರೆಯ ಮೇಲೆ ಇಂದಿಗೂ ಹಳೆಯ ಹೆಸರೇ ಕಾಣುತ್ತದೆ.

ಪರಿಣಾಮವಾಗಿ, 1 ಟಿಬಿ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಡಿಸ್ಕ್ ತೆರೆಯ ಮೇಲೆ ಸುಮಾರು 931 ಜಿಬಿ ಎಂದು ತೋರುತ್ತದೆ. ಇದು ಕೊರತೆಯಲ್ಲ; ಬೈಟ್‌ಗಳ ಸಂಖ್ಯೆ ಅಷ್ಟೇ ಇದೆ. ಪೆಟ್ಟಿಗೆಯ ಮೇಲಿನ ಜಿಬಿ ಸಂಖ್ಯೆಯನ್ನು 0.93ರಿಂದ ಗುಣಿಸಿದರೆ ತೆರೆಯ ಮೇಲೆ ಕಾಣಬೇಕಾದ ಸಂಖ್ಯೆ ದೊರೆಯುತ್ತದೆ. 500 ಜಿಬಿ ಡಿಸ್ಕ್ ಸುಮಾರು 465, 64 ಜಿಬಿ ಪೆನ್ ಡ್ರೈವ್ ಸುಮಾರು 59 ಎಂದು ತೋರುವುದು ಸಹಜ. ಆದರೆ 1 ಟಿಬಿಗೆ ಬಿಲ್ಲು ಸಲ್ಲಿಸಿ, ತೆರೆಯ ಮೇಲೆ ಒಟ್ಟು 465 ಜಿಬಿ ಮಾತ್ರ ಕಂಡಲ್ಲಿ ಸರಬರಾಜಾಗಿರುವುದು 500 ಜಿಬಿ ಡಿಸ್ಕ್ ಎಂದು ತಿಳಿಯಬೇಕು. ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿದ್ದರೆ ಎಲ್ಲ ಭಾಗಗಳನ್ನೂ ಕೂಡಿಸಿಯೇ ನಿರ್ಣಯಕ್ಕೆ ಬರತಕ್ಕದ್ದು.

3. ಬಿಟ್ ಬೇರೆ, ಬೈಟ್ ಬೇರೆ

ಸಂಗ್ರಹದ ಜಾಗವನ್ನು ಬೈಟ್‌ನಲ್ಲಿಯೂ, ಅಂತರ್ಜಾಲದ ವೇಗ ಹಾಗೂ ಕ್ಯಾಮೆರಾದ ದತ್ತಾಂಶ ಹರಿವನ್ನು ಸಾಮಾನ್ಯವಾಗಿ ಬಿಟ್‌ನಲ್ಲಿಯೂ ಹೇಳುವುದು ರೂಢಿ. ಇಂಗ್ಲಿಷಿನಲ್ಲಿ ಬೈಟ್‌ಗೆ ದೊಡ್ಡ ಅಕ್ಷರದ ಬಿ, ಬಿಟ್‌ಗೆ ಸಣ್ಣ ಅಕ್ಷರದ ಬಿ ಬಳಕೆಯಲ್ಲಿದೆ. ಕನ್ನಡದ ಬರಹದಲ್ಲಿ ಈ ಭೇದ ಉಳಿಯುವುದಿಲ್ಲ. ಆದ್ದರಿಂದ ಸಭಾ ನಡಾವಳಿಯಲ್ಲಿ ‘ಮೆಗಾಬಿಟ್’, ‘ಮೆಗಾಬೈಟ್’ ಎಂದು ಪೂರ್ಣ ಪದವನ್ನೇ ಬರೆಯುವುದು ಲೇಸು. ಬಿಟ್‌ನ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಬೈಟ್ ದೊರೆಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಗರಿಷ್ಠವೆಂದರೆ ಸೆಕೆಂಡಿಗೆ 12.5 ಮೆಗಾಬೈಟ್ ಇಳಿಯುತ್ತದೆ.

4. ಉದಾಹರಣೆ: ಸಿಸಿ ಕ್ಯಾಮೆರಾ

ಒಂದು ಪಂಚಾಯಿತಿಯು 4 ಕ್ಯಾಮೆರಾಗಳ ದೃಶ್ಯವನ್ನು 30 ದಿನ ಉಳಿಸಿಕೊಳ್ಳಬೇಕೆಂದು ನಿರ್ಣಯಿಸಿದೆ ಎಂದು ಭಾವಿಸೋಣ. ಪ್ರತಿ ಕ್ಯಾಮೆರಾದ ಹರಿವು ಸೆಕೆಂಡಿಗೆ 2 ಮೆಗಾಬಿಟ್.

2 ಮೆಗಾಬಿಟ್ ÷ 8 = 0.25 ಎಂಬಿ
ಒಂದು ದಿನಕ್ಕೆ 86,400 ಸೆಕೆಂಡ್ × 0.25 ಎಂಬಿ = 21,600 ಎಂಬಿ = 21.6 ಜಿಬಿ
4 ಕ್ಯಾಮೆರಾಗಳಿಗೆ ದಿನಕ್ಕೆ 86.4 ಜಿಬಿ
30 ದಿನಕ್ಕೆ 2,592 ಜಿಬಿ, ಅಂದರೆ ಸುಮಾರು 2.6 ಟಿಬಿ

ಸರಬರಾಜುದಾರರು 1 ಟಿಬಿ ಡಿಸ್ಕ್ ಸಾಕೆಂದರೆ, ಅದು ಹನ್ನೊಂದೂವರೆ ದಿನದಲ್ಲಿ ತುಂಬುತ್ತದೆ. ತುಂಬಿದ ಮೇಲೆ ಯಂತ್ರವು ಸಾಮಾನ್ಯವಾಗಿ ಹಳೆಯ ದೃಶ್ಯವನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ತಿಂಗಳ ಮೊದಲ ವಾರದಲ್ಲಿ ಪಂಪ್‌ಸೆಟ್ ಕಳುವಾಗಿ, 20ನೇ ತಾರೀಖಿನಂದು ಪೊಲೀಸರು ದೃಶ್ಯ ಕೇಳಿದರೆ ಕೊಡಲು ಏನೂ ಉಳಿದಿರುವುದಿಲ್ಲ. 2 ಟಿಬಿಯೂ ಸಾಲದು. 4 ಟಿಬಿ ಡಿಸ್ಕ್ ಪಡೆಯುವುದು ಯುಕ್ತ. ಈ ಲೆಕ್ಕವನ್ನು ದರಪಟ್ಟಿ ಕರೆಯುವ ಮೊದಲೇ ಮಾಡಬೇಕು.

5. ಅಭ್ಯಾಸ

(ಅ) 2 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಎಷ್ಟು ಜಿಬಿ ಎಂದು ತೋರುತ್ತದೆ?
(ಆ) ಗ್ರಾಮ ಸಭೆಯ 2 ಗಂಟೆಯ ವಿಡಿಯೊವನ್ನು ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಎಷ್ಟು ಜಾಗ ಬೇಕು? 32 ಜಿಬಿ ಪೆನ್ ಡ್ರೈವ್‌ನಲ್ಲಿ ಅಂತಹ ಎಷ್ಟು ವಿಡಿಯೊ ಹಿಡಿಯುತ್ತವೆ?

ಉತ್ತರ: (ಅ) ಸುಮಾರು 1,862 ಜಿಬಿ. (ಆ) 7,200 ಸೆಕೆಂಡ್ × 0.5 ಎಂಬಿ = 3,600 ಎಂಬಿ, ಅಂದರೆ 3.6 ಜಿಬಿ, 8 ವಿಡಿಯೊಗಳು.

ಖರೀದಿಯ ಬಿಲ್ಲನ್ನು ಅನುಮೋದಿಸುವ ಮುನ್ನ ಸದಸ್ಯರು ಸಾಧನವನ್ನು ಕಚೇರಿಯ ಗಣಕಯಂತ್ರಕ್ಕೆ ಜೋಡಿಸಿ, ತೆರೆಯ ಮೇಲಿನ ಒಟ್ಟು ಸಾಮರ್ಥ್ಯವನ್ನು ಮೇಲಿನ ಸೂತ್ರದೊಂದಿಗೆ ತಾಳೆ ನೋಡಿ, ಆ ಸಂಖ್ಯೆಯನ್ನು ದಾಸ್ತಾನು ವಹಿಯಲ್ಲಿ ನಮೂದಿಸುವಂತೆ ನೋಡಿಕೊಳ್ಳಬೇಕು.