ನೀರಿನ ಆದೇಶ ಬಂದಾಗ ಏನು ಓದಬೇಕು, ಏನು ಮಾಡಬೇಕು

"ಐದ್ ಸಾವಿರ ದಂಡ ಅಂತಲ್ರೀ, ಖರೇ ಏನ್ರೀ?"

2024ರ ಮಾರ್ಚಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಮೊಬೈಲ್ ಹಿಡಿದುಕೊಂಡು ಬಂದು ಕೇಳಿದ ಮಾತಿದು. ಅವರಿಗೆ ಯಾರೋ ಕಳಿಸಿದ್ದು ಬೆಂಗಳೂರು ಜಲಮಂಡಳಿಯ ಆದೇಶದ ಚಿತ್ರ. ಗಾಡಿ ತೊಳೆಯಲು, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ. ಬಿಡದೆ ಮುಂದುವರಿಸಿದರೆ ದಿನಕ್ಕೆ ಮತ್ತೆ 500 ರೂಪಾಯಿ. ಅದನ್ನು ಓದಿದ ಅವರು ಎರಡು ದಿನದಿಂದ ಎಮ್ಮೆಯ ಮೈ ತೊಳೆದಿರಲಿಲ್ಲ.

ಆ ಆದೇಶ ಖರೆಯೇ. ಆದರೆ ಅದು ಬೆಂಗಳೂರು ಜಲಮಂಡಳಿಯ 1964ರ ಕಾಯ್ದೆಯಡಿ, ಆ ಮಂಡಳಿಯ ವ್ಯಾಪ್ತಿಗಷ್ಟೇ ಹೊರಟದ್ದು. ನಮ್ಮೂರು ಬಾಡಗಂಡಿಯ ಎಮ್ಮೆಗೆ ಅದರಿಂದ ಏನೂ ಆಗದು. ಹಾಗಂತ ನಮಗೆ ನಿಯಮವೇ ಇಲ್ಲ ಎಂದಲ್ಲ. ಕೃಷ್ಣೆ ಒಂದು ಕಡೆ, ಘಟಪ್ರಭೆ ಇನ್ನೊಂದು ಕಡೆ ಇರುವ ಈ ನಾಡಿನಲ್ಲಿ ನೀರಿನ ಆದೇಶಗಳು ನಾಲ್ಕು ದಿಕ್ಕಿನಿಂದ ಬರುತ್ತವೆ. ಯಾವುದು ನಮ್ಮದು, ಯಾವುದು ನಮ್ಮದಲ್ಲ ಎಂದು ಗೊತ್ತಿಲ್ಲದಿದ್ದರೆ ಬಡವ ಹೆದರಿ ಕೂರುತ್ತಾನೆ, ಬಲ್ಲವ ಮೋಟರು ಹಚ್ಚಿ ಎಳೆದುಕೊಳ್ಳುತ್ತಾನೆ.

ಮೊದಲು: ನೀವು ಯಾರ ನೀರು ಕುಡಿಯುತ್ತೀರಿ?

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ನಗರಸಭೆಯ ಊರುಗಳು. ಬೀಳಗಿ ಪಟ್ಟಣ ಪಂಚಾಯಿತಿ. ಇವೆಲ್ಲ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ನಡೆಯುತ್ತವೆ. ನಗರಸಭೆಯಲ್ಲಿ ಪೌರಾಯುಕ್ತರನ್ನು, ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಯನ್ನು ಕೇಳಬೇಕು. ಬಾಡಗಂಡಿಯಂಥ ಹಳ್ಳಿಗೆ ಗ್ರಾಮ ಪಂಚಾಯಿತಿಯೇ ಮುನಿಸಿಪಾಲಿಟಿ. ಅಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ, ಕೇಳಬೇಕಾದವರು ಪಿಡಿಒ. ನದಿಯ ನೀರಿನ ಬಗ್ಗೆ ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ. ಪಂಪ್‌ಸೆಟ್‌ನ ಕರೆಂಟು ಹೆಸ್ಕಾಂ ಕೈಯಲ್ಲಿ. ನೀರು ಬಿಡುವ ವಾಟರ್‌ಮನ್‌ನನ್ನು ಬೈದರೆ ಇವರಲ್ಲಿ ಯಾರಿಗೂ ತಟ್ಟುವುದಿಲ್ಲ. ಆತ ವಾಲ್ವ್ ತಿರುಗಿಸುವವನು, ನಿಯಮ ಬರೆಯುವವನಲ್ಲ.

ತೋಟದ ವಸತಿಯವರ ಪಾಡು ಬೇರೆ. ಊರಿನ ನಳ ಅಲ್ಲಿಗೆ ಮುಟ್ಟಿರುವುದಿಲ್ಲ, ಹೊಲದ ಬೋರೇ ಕುಡಿಯಲೂ ಗತಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆಮೇಲೆ: ಆದೇಶದ ಪ್ರತಿ ಕೈಗೆ ತೆಗೆದುಕೊಳ್ಳಿ

ಆಟೋದ ಮೈಕಿನಲ್ಲಿ ಕೂಗಿದ್ದು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಸುದ್ದಿ ಮಾತ್ರ. ಕಚೇರಿಯ ಸೂಚನಾ ಫಲಕದ ಮುಂದೆ ನಿಂತು ಮೂಲ ಪ್ರತಿಯ ಫೋಟೊ ತೆಗೆದುಕೊಳ್ಳಿ. ಸಹಿ ಯಾರದು, ತಾರೀಖು ಯಾವುದು, ಯಾವ ವಾರ್ಡು ಅಥವಾ ಊರಿಗೆ ಅನ್ವಯ ಎಂದು ನೋಡಿ. ಎಲ್ಲಕ್ಕಿಂತ ಮುಖ್ಯ, ಅದು ಯಾವ ನೀರಿನ ಮಾತಾಡುತ್ತಿದೆ ಎಂಬುದು. "ನಗರಸಭೆ ಪೂರೈಸುವ ಕುಡಿಯುವ ನೀರು" ಎಂದಿದ್ದರೆ ಅರ್ಥವೇ ಬೇರೆ, "ಕುಡಿಯುವ ಯೋಗ್ಯ ನೀರು" ಎಂದಿದ್ದರೆ ಬೇರೆ. ಮೊದಲನೆಯದು ನಳಕ್ಕಷ್ಟೇ ಅನ್ವಯ. ಎರಡನೆಯದರಲ್ಲಿ ನಿಮ್ಮ ಬೋರೂ ಬರಬಹುದು. ಯಾವ ಬಳಕೆಗೆ ತಡೆ, ಯಾವುದಕ್ಕೆ ವಿನಾಯಿತಿ, ದಂಡ ಎಷ್ಟು, ರಸೀದಿ ಯಾರು ಕೊಡುತ್ತಾರೆ, ಯಾವ ದಿನದವರೆಗೆ ಜಾರಿಯಲ್ಲಿರುತ್ತದೆ ಎಂಬುದನ್ನೂ ಓದಿ. ಕೊನೆಯ ದಿನ ಬರೆದಿಲ್ಲವೆಂದರೆ ಕೇಳಿ. ರಸೀದಿ ಕೊಡದೆ ದಂಡ ಕೇಳಿದರೆ ಕೊಡಬೇಡಿ.

ನಳದ ಪೈಪಿಗೆ ನೇರವಾಗಿ ಮೋಟರು ಹಚ್ಚುವುದಕ್ಕೆ ಯಾವ ಹೊಸ ಆದೇಶವೂ ಬೇಕಿಲ್ಲ, ಅದು ಯಾವತ್ತೂ ತಪ್ಪೇ. ಒಬ್ಬ ಎಳೆದರೆ ಓಣಿಯ ಕೊನೆಯ ಮನೆಗೆ ಬರೀ ಗಾಳಿ ಬರುತ್ತದೆ. ಒತ್ತಡ ತಿರುವುಮುರುವಾದಾಗ ಒಡೆದ ಜಾಯಿಂಟಿನಿಂದ ಗಟಾರದ ನೀರೂ ಪೈಪಿನೊಳಗೆ ಸೇರುತ್ತದೆ. ಬೇಸಿಗೆಯಲ್ಲಿ ವಾಂತಿಭೇದಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ದಾರಿ.

"ನನ್ನ ಬೋರು, ನನ್ನ ನೀರು"

ಈ ಮಾತು ಕಟ್ಟೆಯ ಮೇಲೆ ಚಲೋ ಕೇಳುತ್ತದೆ, ಕಾನೂನಿನಲ್ಲಿ ನಿಲ್ಲುವುದಿಲ್ಲ. 1999ರ ಕರ್ನಾಟಕ ಅಂತರ್ಜಲ (ಕುಡಿಯುವ ನೀರಿನ ಮೂಲಗಳ ರಕ್ಷಣೆ) ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಹೊಸ ಬಾವಿ, ಬೋರು ತೆಗೆಸಲು ಅನುಮತಿ ಬೇಕು. ಊರಿನ ಬೋರು ಬತ್ತಿತೆಂದು ಪಕ್ಕದ ಹೊಲದಲ್ಲಿ ರಾತ್ರೋರಾತ್ರಿ ರಿಗ್ ನಿಲ್ಲಿಸುವವರು ಇದನ್ನು ನೆನಪಿಡಬೇಕು. 2020ರ ಅಕ್ಟೋಬರ್ 8ರಂದು ಕೇಂದ್ರ ಅಂತರ್ಜಲ ಪ್ರಾಧಿಕಾರ ಇನ್ನೊಂದು ಆದೇಶ ಹೊರಡಿಸಿತು: ನೆಲದಿಂದ ತೆಗೆದ ಕುಡಿಯುವ ಯೋಗ್ಯ ನೀರನ್ನು ಯಾರೂ ಪೋಲು ಮಾಡುವಂತಿಲ್ಲ. ಇದು ಇಡೀ ದೇಶಕ್ಕೆ ಅನ್ವಯ. ಇದಕ್ಕೆ ಐದು ವರ್ಷ ಜೈಲು ಎಂದು ಎಲ್ಲೋ ಓದಿದ್ದರೆ ಅದು ಹಳೆಯ ಮಾತು. ಪರಿಸರ ಸಂರಕ್ಷಣಾ ಕಾಯ್ದೆಯ ಆ ಕಲಮನ್ನು ತಿದ್ದಿದ್ದಾರೆ. 2024ರ ಏಪ್ರಿಲ್‌ನಿಂದ ಜೈಲಿನ ಬದಲು 10,000 ರೂಪಾಯಿಯಿಂದ ಶುರುವಾಗುವ ದಂಡವಿದೆ.

ಬರಗಾಲದಲ್ಲಿ ಪಂಚಾಯಿತಿಯು ಖಾಸಗಿ ಬೋರನ್ನು ಬಾಡಿಗೆಗೆ ಪಡೆದು ಊರಿಗೆ ನೀರು ಕೊಡುವುದುಂಟು. ನಿಮ್ಮ ಬೋರಿನಲ್ಲಿ ನೀರಿದ್ದರೆ ಕೇಳುವವರೆಗೆ ಕಾಯದೆ ಪಿಡಿಒಗೆ ತಿಳಿಸಿ. ಬಾಡಿಗೆ ಎಷ್ಟು, ಎಷ್ಟು ತಿಂಗಳಿಗೆ, ಕರೆಂಟಿನ ಬಿಲ್ಲು ಯಾರದು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಂದದ ಬಾಡಿಗೆಗೆ ಮುಂದಿನ ವರ್ಷವೂ ಅಲೆಯಬೇಕಾದೀತು.

ನದಿಗೆ ತಡೆ ಬಿದ್ದರೆ

ಹಿಂದೆ ಬೇಸಿಗೆಯಲ್ಲಿ ಕೃಷ್ಣೆ ಒಣಗುತ್ತಿತ್ತು. ಅದಕ್ಕೇ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ 1989ರ ಹೊತ್ತಿಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಈಗ ಹಿಪ್ಪರಗಿಯಲ್ಲೂ ಬ್ಯಾರೇಜಿದೆ, ಕೆಳಗೆ ಆಲಮಟ್ಟಿಯ ಹಿನ್ನೀರಿದೆ. ಆದರೂ ಕೆಲವು ಬೇಸಿಗೆಗಳಲ್ಲಿ ಕೊಯ್ನಾದಿಂದ ನೀರು ಬಿಡಿ ಎಂದು ನಮ್ಮ ಸರ್ಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯುವುದು ತಪ್ಪಿಲ್ಲ. ಹಾಗೆ ಬಂದ ನೀರು ಕುಡಿಯುವುದಕ್ಕೆ. ದಾರಿಯಲ್ಲೇ ಪಂಪ್‌ಸೆಟ್‌ಗಳು ಅದನ್ನು ಎತ್ತಬಾರದೆಂದು ಜಿಲ್ಲಾಡಳಿತ ತಡೆ ಹಾಕುತ್ತದೆ, ನದಿದಂಡೆಯ ಫೀಡರುಗಳ ಕರೆಂಟು ಹೋಗುತ್ತದೆ.

ತಡೆಯನ್ನು ನಿಷೇಧಾಜ್ಞೆಯಾಗಿ ಹೊರಡಿಸಿದ್ದರೆ ಅದರಲ್ಲಿ ಮೊದಲು 144 ಎಂದು ಬರೆದಿರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಮೀರಿದರೆ ಕ್ರಿಮಿನಲ್ ಕೇಸು. ನಳದ ನೀರಿನಲ್ಲಿ ಬೈಕ್ ತೊಳೆದದ್ದಕ್ಕೂ ಇದಕ್ಕೂ ಬಹಳ ಅಂತರವಿದೆ.

ಇಲ್ಲಿ ಒಂದು ಲೆಕ್ಕ ಹೇಳದೆ ಮುಂದೆ ಹೋಗಲಾರೆ. ಕಬ್ಬಿಗೆ ಬಿತ್ತನೆಯಿಂದ ಕಟಾವಿನವರೆಗೆ ಮಳೆಯೂ ಸೇರಿ ಕಡಿಮೆಯೆಂದರೂ 1,500 ಮಿ.ಮೀ. ನೀರು ಬೇಕು. ಎಕರೆಗೆ ಅದು ಸುಮಾರು 60 ಲಕ್ಷ ಲೀಟರ್. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಹೇಳುತ್ತದೆ. ಐದು ಜನರ ಮನೆಗೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಚಿಲ್ಲರೆ. ಅಂದರೆ ಒಂದೆಕರೆ ಕಬ್ಬು ಸುಮಾರು ಅರವತ್ತು ಮನೆಗಳ ವರ್ಷದ ನೀರು ಕುಡಿಯುತ್ತದೆ. ಕಬ್ಬು ಬೇಡ ಎನ್ನುತ್ತಿಲ್ಲ, ಈ ಸೀಮೆಯ ಒಲೆ ಉರಿಯುವುದೇ ಅದರಿಂದ. ಆದರೆ ಹೆಣ್ಣುಮಗಳೊಬ್ಬಳು ಅಂಗಳಕ್ಕೆ ಎರಡು ಕೊಡ ಹಾಕಿದಳೆಂದು ಕಣ್ಣು ಕೆಂಪಗೆ ಮಾಡುವವರು ಬದುವಿನ ಮೇಲೆ ಹರಿದುಹೋಗುವ ನೀರನ್ನೂ ಒಮ್ಮೆ ನೋಡಬೇಕು. ಹನಿ ನೀರಾವರಿಗೆ ಹೋಗಲು ಆಗದವರು ಸಾಲು ಬಿಟ್ಟು ಸಾಲಿಗೆ ನೀರು ಕಟ್ಟಿ, ರವದಿ ಸುಡದೆ ಸಾಲಿನಲ್ಲೇ ಹೊದಿಸಿದರೂ ತಡೆಯ ದಿನಗಳನ್ನು ದಾಟಬಹುದು.

ತೋಟದ ವಸತಿಯವರಿಗೆ ಹೇಳಬೇಕಾದದ್ದು ಇಲ್ಲಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ ಲೈನು ಬೇರೆಯಾದವು. ತೋಟದ ಮನೆ ಬಹಳ ಕಡೆ ಪಂಪ್‌ಸೆಟ್ ಲೈನಿನ ಮೇಲೇ ಇದೆ. ತಡೆ ಬಿದ್ದರೆ ಹೊಲದ ಜೊತೆ ಕುಡಿಯುವ ನೀರೂ ನಿಲ್ಲುತ್ತದೆ. ಕರೆಂಟು ಹೋದ ಮೇಲೆ 1912ಕ್ಕೆ ಫೋನ್ ಮಾಡಿ ಕೂಗಾಡುವ ಬದಲು, ಆದೇಶದ ಸುದ್ದಿ ಬಂದ ದಿನವೇ ವಸತಿಯ ನಾಲ್ಕಾರು ಮನೆಯವರು ಕೂಡಿ, ಎಷ್ಟು ಜನ, ಎಷ್ಟು ದನ ಎಂದು ಬರೆದು, ದಿನಕ್ಕೆ ಇಷ್ಟು ಹೊತ್ತು ಕರೆಂಟು ಇಲ್ಲವೇ ಟ್ಯಾಂಕರ್ ಕೊಡಿ ಎಂದು ತಹಶೀಲ್ದಾರರಿಗೂ ಹೆಸ್ಕಾಂ ಸೆಕ್ಷನ್ ಕಚೇರಿಗೂ ಅರ್ಜಿ ಕೊಡಿ. ದನಗಳ ಸಂಖ್ಯೆ ಬಿಡಬೇಡಿ. ಬೇಸಿಗೆಯ ಎಮ್ಮೆಗೆ ಕುಡಿಯಲೇ ದಿನಕ್ಕೆ 50 ಲೀಟರಿಗೂ ಮೇಲೆ ಬೇಕು.

ಮನೆಯ ಲೆಕ್ಕ

ನೀರು ಬಿಡುವ ದಿನಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಐದು ದಿನಕ್ಕೊಮ್ಮೆ ನೀರು, ಐದು ಜನ, ತಲೆಗೆ 55 ಲೀಟರ್ ಎಂದರೆ ನಿಮಗೆ ಬೇಕಾದ ಸಂಗ್ರಹ 1,375 ಲೀಟರ್. ಸಾವಿರ ಲೀಟರಿನ ಒಂದು ಸಿಂಟೆಕ್ಸು, ಎರಡು ಬ್ಯಾರಲ್ಲು ಸಾಕು. ಅದಕ್ಕಿಂತ ಹೆಚ್ಚು ತುಂಬಿಟ್ಟು, ಮುಂದಿನ ಸರದಿಗೆ "ಹಳೆ ನೀರು" ಎಂದು ಗಟಾರಕ್ಕೆ ಚೆಲ್ಲುವ ಚಾಳಿ ನಮ್ಮಲ್ಲಿದೆ. ತುಂಬಿಟ್ಟ ನೀರು ಹಳಸುವ ಅನ್ನವಲ್ಲ. ಮುಚ್ಚಿಟ್ಟಿದ್ದರೆ ಅರಿವೆ ಒಗೆಯಲು, ಭಾಂಡೆ ತಿಕ್ಕಲು ಧಾರಾಳ ಆಗುತ್ತದೆ.

ಮುಚ್ಚಿಡುವುದು ಮಾತ್ರ ಕಡ್ಡಾಯ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಮರಿ ಸಿಕ್ಕ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ನೀರು ಉಳಿಸಿ ಎನ್ನುವುದು ಒಂದು ಆದೇಶ, ಉಳಿಸಿದ ನೀರಿನಲ್ಲಿ ಹುಳ ಕಂಡರೆ ದಂಡ ಎನ್ನುವುದು ಇನ್ನೊಂದು! ಎರಡನ್ನೂ ನಿಭಾಯಿಸುವ ದಾರಿ ಸುಲಭ. ಬಾಯಿಗೆ ಹಳೆಯ ಧೋತರ ಕಟ್ಟಿ, ವಾರಕ್ಕೊಮ್ಮೆ ಬ್ಯಾರಲ್ಲು ಬರಿದು ಮಾಡಿ ಒಳಬದಿ ತಿಕ್ಕಿ ಒಣಗಿಸಿ. ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರಷ್ಟೇ ಸಾಲದು.

ಕುಡಿಯುವ ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನಮ್ಮ ಜಿಲ್ಲೆಯ ಹಲವು ಬೋರುಗಳಲ್ಲಿ ಅದು ಇದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ. ಆ ಘಟಕ ಹೊರಗೆ ಬಿಡುವ ನೀರು ಗಟಾರಕ್ಕೆ ಹೋಗುತ್ತಿದ್ದರೆ ಒಂದು ತೊಟ್ಟಿ ಕಟ್ಟಿಸಲು ಗ್ರಾಮಸಭೆಯಲ್ಲಿ ಹೇಳಿ. ಅರಿವೆಗೆ, ಗಾಡಿ ತೊಳೆಯಲು ಅದು ನಡೆಯುತ್ತದೆ.

ಲಗ್ನ, ಮನೆ ಕಟ್ಟುವುದು, ಅಂಗಡಿ

ಏಪ್ರಿಲ್-ಮೇ ನಮ್ಮಲ್ಲಿ ಲಗ್ನದ ಕಾಲವೂ ಹೌದು, ಮನೆ ಕಟ್ಟುವ ಕಾಲವೂ ಹೌದು. ಸ್ಲ್ಯಾಬ್ ಹಾಕುವುದನ್ನು ಮುಂದೂಡಲು ಆಗುವುದಾದರೆ ಮುಂದೂಡಿ. ಆಗದಿದ್ದರೆ ಪೈಪು ಹಿಡಿದು ನೀರು ಹೊಡೆಯುವ ಬದಲು ಗೋಣಿ ತಟ್ಟು ಹೊದಿಸಿ ಹಸಿ ಇಡಿ. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ಬೂದಿ ಬೆರೆತ ಸಿಮೆಂಟಿಗೆ ಹತ್ತು ದಿನ. ಇಲ್ಲಿ ನೀರು ಉಳಿಸಲು ದಿನ ಕಡಿಮೆ ಮಾಡಿದರೆ ಸ್ಲ್ಯಾಬ್ ಸೀಳುತ್ತದೆ. ಸರ್ವಿಸಿಂಗ್ ಅಂಗಡಿಯವರು, ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರು ತಮ್ಮ ನೀರು ಎಲ್ಲಿಯದು ಎಂಬ ಬಿಲ್ಲು, ಪರವಾನಗಿ ಕೈಯಲ್ಲಿಟ್ಟುಕೊಳ್ಳಿ. ತಪಾಸಣೆಗೆ ಬಂದವರು ಮೊದಲು ಕೇಳುವುದು ಅದನ್ನೇ. ಲಗ್ನದ ಮನೆಯವರು ಟ್ಯಾಂಕರಿಗೆ ಹದಿನೈದು ದಿನ ಮೊದಲೇ ಹೇಳಿಡಿ.

ಟ್ಯಾಂಕರ್ ಬಂದಾಗ

ನೀರಿನ ಕೊರತೆಯಾದಾಗ ಪಂಚಾಯಿತಿ, ನಗರಸಭೆ ಕಳಿಸುವ ಟ್ಯಾಂಕರಿಗೆ ದುಡ್ಡು ಕೊಡಬೇಕಿಲ್ಲ. ಖಾಸಗಿಯವರು ಮನಸ್ಸಿಗೆ ಬಂದ ದರ ಹೇಳಿದರೆ ದರ ಕಟ್ಟುವ ಅಧಿಕಾರ ಜಿಲ್ಲಾಡಳಿತಕ್ಕಿದೆ. 2024ರ ಮಾರ್ಚಿನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಕಟ್ಟಿತ್ತು. ಅದೇ ದರ ಇಲ್ಲಿಗೆ ಅನ್ವಯಿಸುವುದಿಲ್ಲ, ಆದರೆ ಅಂಥ ಆದೇಶ ಕೇಳಲು ಅದೊಂದು ಆಧಾರ.

ಟ್ಯಾಂಕರ್ ಯಾವ ಓಣಿಗೆ ಮೊದಲು ಹೋಗುತ್ತದೆ, ಯಾವ ಓಣಿಗೆ ಕೊನೆಗೆ ಹೋಗುತ್ತದೆ ಎಂದು ಒಂದು ವಾರ ಬರೆದಿಡಿ. ಪ್ರತಿಸಲವೂ ದಲಿತರ ಕೇರಿಯೇ ಕೊನೆಯಾಗಿದ್ದರೆ ಸರದಿ ತಿರುಗಿಸಲು ಬರೆದುಕೊಡಿ. ಜಾತಿಯ ಕಾರಣಕ್ಕೆ ದಲಿತರನ್ನು ನೀರಿನಿಂದ ತಡೆದರೆ ಅದು ಸರದಿಯ ಜಗಳವಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧ. ಪೊಲೀಸ್ ಠಾಣೆಗೆ ಹೋಗಬೇಕು.

ದೂರು ಕೊಡುವ ದಾರಿ

ಒಡೆದ ಪೈಪಿನ ಫೋಟೊ ಗುಂಪಿಗೆ ಹಾಕಿದರೆ ನಗುವ ಮುಖಗಳು ಬರುತ್ತವೆ, ಪ್ಲಂಬರ್ ಬರುವುದಿಲ್ಲ. ಪಟ್ಟಣದವರು ಜನಹಿತ ಆ್ಯಪ್‌ನಲ್ಲಿ, ಹಳ್ಳಿಯವರು ಪಿಡಿಒಗೆ ಬರಹದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಕೆಲಸ ಆಗದಿದ್ದರೆ 1902ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಬರ ಘೋಷಣೆಯಾಗಿದ್ದರೆ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಟಾಸ್ಕ್‌ಫೋರ್ಸ್ ಇರುತ್ತದೆ; ಸಭೆಯ ದಿನ ತಿಳಿದುಕೊಂಡು ಅದಕ್ಕೆ ಮೊದಲೇ ಅರ್ಜಿ ಮುಟ್ಟಿಸಿ.

ಇನ್ನೊಂದು ಕೆಲಸ ಮೇ ತಿಂಗಳಲ್ಲೇ ಆಗಬೇಕು. ಆರ್‌ಸಿಸಿ ಮನೆಯವರು ಮಾಳಿಗೆ ಗುಡಿಸಿ ಪೈಪು ಜೋಡಿಸಿಡಿ. ಈ ಸೀಮೆಯಲ್ಲಿ ವರ್ಷದ ಮಳೆ 550 ಮಿ.ಮೀ. ಆಸುಪಾಸು. 60 ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವ ನೀರು 33,000 ಲೀಟರ್; ಐದನೇ ಒಂದು ಪಾಲು ಸೋರಿತೆಂದರೂ 26,000 ಲೀಟರ್ ಕೈಗೆ ಸಿಗುತ್ತದೆ. ಮಣ್ಣಿನ ಮಾಳಿಗೆಯ ನೀರು ದನಕ್ಕೆ, ಬಳಕೆಗೆ ಮಾತ್ರ. ರೋಹಿಣಿ ಮಳೆಯ ಮೊದಲ ಹನಿಗಳು ಧೂಳು ತೊಳೆದು ಹೋಗಲಿ, ಹತ್ತು ನಿಮಿಷ ಬಿಟ್ಟು ಪೈಪನ್ನು ಸಂಪಿಗೆ ತಿರುಗಿಸಿ. ಆ ಹಿರಿಯರು ಈಗ ಅದೇ ನೀರಿನಲ್ಲಿ ಎಮ್ಮೆ ತೊಳೆಯುತ್ತಾರೆ.