ಸಬ್‌ಟೈಟಲ್ ಆಫ್ ಮಾಡಿ ನೋಡೋಣ

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಲ್ಲಿ ಏಳು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತು 'ತಿಥಿ' ನೋಡೋಕೆ ಶುರು ಮಾಡಿದ್ವಿ. ನಮ್ಮಲ್ಲಿ ಒಬ್ಬ ಚನ್ನಪಟ್ಟಣದ ಕಡೆ ಹಳ್ಳಿಯವನು. ಹತ್ತೇ ನಿಮಿಷದಲ್ಲಿ ಒಂದು ವಿಷಯ ಗೊತ್ತಾಯ್ತು. ಅವನು ನಕ್ಕ ಮೇಲೆ ಎರಡು ಸೆಕೆಂಡ್ ಬಿಟ್ಟು ನಾವು ನಗ್ತಿದ್ವಿ. ಕೆಲವು ಕಡೆ ಅವನೊಬ್ಬನೇ ನಕ್ಕ. ಸಿನಿಮಾ ಕನ್ನಡದ್ದು, ನಾವು ಓದ್ತಿದ್ದದ್ದು ಕೆಳಗಿನ ಇಂಗ್ಲಿಷ್ ಸಾಲು. ನಾವೂ ಮನೇಲಿ ಕನ್ನಡ ಮಾತಾಡೋರೇ. ಆದರೆ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಪರದೆ ಮೇಲೆ ಇಂಗ್ಲಿಷ್ ಕಂಡರೆ ಕಣ್ಣು ತಾನಾಗೇ ಅಲ್ಲಿಗೆ ಇಳಿಯುತ್ತೆ, ಕಿವಿ ರಜೆ ಹಾಕುತ್ತೆ.

"ನಿಮ್ಗೆ ಅರ್ಥ ಆಯ್ತಿಲ್ವೇನ್ರೋ?" ಅಂತ ಅವನು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಸಿನಿಮಾ ನಿಲ್ಲಿಸಿ, ಸಬ್‌ಟೈಟಲ್ ಆಫ್ ಮಾಡಿ, ಮೊದಲಿಂದ ಹಾಕಿದ್ವಿ.

ಅವತ್ತಿಂದ ಕನ್ನಡ ಸಂಘದ ಕೆಲವರು ಸೇರಿ ಡ್ರಾಮಾ, ಥ್ರಿಲ್ಲರ್‌ಗಳನ್ನ ಒಂದು ಪಾಠದ ಥರ ನೋಡ್ತಾ ಇದೀವಿ. ನಾವು ಇಟ್ಟುಕೊಂಡ ಪ್ರಶ್ನೆ ಒಂದೇ: ಇಲ್ಲಿ ಯಾರಿಗೆ ಏನು ಗೊತ್ತು, ಯಾರಿಂದ ಏನನ್ನ ಮುಚ್ಚಿಟ್ಟಿದ್ದಾರೆ?

'ತಿಥಿ'ಯನ್ನೇ ತಗೊಳ್ಳಿ. ರಾಮ್ ರೆಡ್ಡಿ ನಿರ್ದೇಶನ, 2016ರಲ್ಲಿ ಬಿಡುಗಡೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆ ಯಾವತ್ತೂ ನಟಿಸದ ಹಳ್ಳಿ ಜನರನ್ನೇ ಹಾಕಿಕೊಂಡು ಮಾಡಿದ್ದು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯ್ತಾರೆ, ಹನ್ನೊಂದನೇ ದಿನಕ್ಕೆ ತಿಥಿ. ಅಷ್ಟರಲ್ಲಿ ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕು. ಅದಕ್ಕೆ ಬದುಕಿರೋ ತನ್ನ ಅಪ್ಪ ಗಡ್ಡಪ್ಪ ಸತ್ತಿದ್ದಾರೆ ಅಂತ ಕಾಗದ ಮಾಡಿಸ್ತಾನೆ. ನಮಗೆ ಎಲ್ಲಾ ಗೊತ್ತು, ಗಡ್ಡಪ್ಪನಿಗೆ ಏನೂ ಗೊತ್ತಿಲ್ಲ, ಅವರು ಬೀಡಿ ಸೇದ್ಕೊಂಡು ಅಲೀತಾ ಇರ್ತಾರೆ. ಯಾವ ಗಳಿಗೆಯಲ್ಲಿ ಎದುರಿಗೆ ಬಂದುಬಿಡ್ತಾರೋ ಅಂತ ನಾವು ಉಸಿರು ಬಿಗಿಹಿಡಿದು ಕೂತಿದ್ವಿ. ಇದನ್ನ ಡ್ರಾಮಾ ಅಂತಾರೆ. ನಮ್ಮ ಲೆಕ್ಕದಲ್ಲಿ ಹನ್ನೊಂದು ದಿನದ ಡೆಡ್‌ಲೈನ್ ಇರೋ ಅಪ್ಪಟ ಥ್ರಿಲ್ಲರ್.

ನೋಡೋರಿಗೆ ಮೊದಲೇ ಗೊತ್ತಿದ್ದರೆ ಕುತೂಹಲ ಸತ್ತು ಹೋಗಲ್ಲ, ಜಾಸ್ತಿ ಆಗುತ್ತೆ. ಹಿಚ್‌ಕಾಕ್ ಜೀವನಪೂರ್ತಿ ಇದನ್ನೇ ಹೇಳಿದ್ದು. ನಮ್ಮಲ್ಲಿ ಅದಕ್ಕೆ ಒಳ್ಳೇ ಉದಾಹರಣೆ ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985). ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ, ರಸ್ತೆ ಪಕ್ಕ ಮಲಗಿದ್ದ ಕೂಲಿ ಜನರ ಮೇಲೆ ಹರಿಸ್ತಾನೆ. ಯಾರು ಮಾಡಿದ್ದು ಅನ್ನೋದು ಶುರುವಲ್ಲೇ ಗೊತ್ತಾಗುತ್ತೆ. ಸಿಕ್ಕಿಬೀಳ್ತಾನಾ, ಬಿದ್ದರೂ ಅಪ್ಪ ಬಿಡಿಸ್ಕೊಂಡುಬಿಡ್ತಾರಾ ಅನ್ನೋದೇ ಸಿನಿಮಾ. ಅಪ್ಪನಾಗಿ ಅನಂತ್ ನಾಗ್, ಬೆನ್ನುಹತ್ತುವ ಪತ್ರಕರ್ತನಾಗಿ ಶಂಕರ್ ನಾಗ್. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲೇ ಅವರು ಹೋದರು, 35 ವರ್ಷ ವಯಸ್ಸು. ಅದು ತಲೇಲಿದ್ದರೆ ಈ ಸಿನಿಮಾ ನೋಡೋದು ಕಷ್ಟ. ಆದರೂ ನೋಡಿ.

ಪವನ್ ಕುಮಾರ್ ಅವರ 'ಯು ಟರ್ನ್' (2016) ಇದರ ಉಲ್ಟಾ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ನಮಗೂ ಇಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರ್ ಕಲ್ಲು ಸರಿಸಿ ಯು ಟರ್ನ್ ತಗೋತಾರೆ, ಕಲ್ಲು ವಾಪಸ್ ಇಡಲ್ಲ. ಕಥೆ ಅಲ್ಲಿಂದ ಬೆಳೆಯುತ್ತೆ, ಮುಂದೆ ಹೇಳಿದರೆ ನೀವು ನಮ್ಮನ್ನ ಹೊಡೀತೀರ. ಇದನ್ನ ನೋಡಿದ ಮೇಲೆ ಎರಡು ವಾರ ನಾವು ಮೈಸೂರು ರೋಡಲ್ಲಿ ರಾಂಗ್ ಸೈಡ್ ಹೋಗಲಿಲ್ಲ. ಮೂರನೇ ವಾರ ಹೋದ್ವಿ, ಸುಳ್ಳು ಯಾಕೆ ಹೇಳೋದು.

ಈಗ ಭಾಷೆ ವಿಷಯ. ಹೇಮಂತ್ ರಾವ್ ಅವರ 'ಕವಲುದಾರಿ'ಯಲ್ಲಿ (2019) ಮೆಟ್ರೋ ಕೆಲಸಕ್ಕೆ ಅಗೆಯುವಾಗ ಮನುಷ್ಯರ ಮೂಳೆ ಸಿಗುತ್ತೆ. ಟ್ರಾಫಿಕ್ ಪೊಲೀಸ್ ಒಬ್ಬ ತನ್ನದಲ್ಲದ ಆ ಕೇಸಿನ ಹಿಂದೆ ಬೀಳ್ತಾನೆ, ಹಳೇ ಕೇಸ್ ಗೊತ್ತಿರೋ ನಿವೃತ್ತ ಅಧಿಕಾರಿ ಮುತ್ತಣ್ಣ ಸಿಗ್ತಾರೆ. ಇಂಥ ಸಿನಿಮಾ ನೋಡುವಾಗ ಬಹುವಚನ, ಏಕವಚನದ ಮೇಲೆ ಕಿವಿ ಇಡಿ. ಸ್ಟೇಷನ್ನಲ್ಲಿ "ಬನ್ನಿ, ಕೂತ್ಕೊಳ್ಳಿ" ಅಂದವರು ಸ್ವಲ್ಪ ಹೊತ್ತಿಗೆ "ಏಯ್, ಕೂತ್ಕೊಳೋ" ಅಂದರೆ ಅಷ್ಟರಲ್ಲಿ ಏನೋ ಆಗಿದೆ, ಎದುರಿನವನ ಬೆಲೆ ಇಳಿದಿದೆ. ಸಬ್‌ಟೈಟಲ್‌ನಲ್ಲಿ ಎರಡಕ್ಕೂ 'ಸಿಟ್ ಡೌನ್'. ನಿರ್ದೇಶಕರು ಮುಚ್ಚಿಡದೇ ಇದ್ದದ್ದನ್ನೂ ಸಬ್‌ಟೈಟಲ್ ಮುಚ್ಚಿಡುತ್ತೆ. (ಈ ಶೋಗೆ ನಮ್ಮ ಕನಕಪುರದ ಗೆಳತಿ ಬರಲಿಲ್ಲ. ಮನೇಲಿ ರೇಷ್ಮೆಹುಳು ಹಣ್ಣಾಗಿತ್ತು, ಚಂದ್ರಿಕೆಗೆ ಬಿಡೋಕೆ ಕೈ ಬೇಕಿತ್ತು. ಅವಳಿಗೆ ಕ್ಲೈಮ್ಯಾಕ್ಸ್ ಯಾರೂ ಹೇಳಬೇಡಿ.)

ಕೊನೆಗೆ ನಮ್ಮೂರ ಬಂಡೆಗಳು. ಕನ್ನಡ ಸಿನಿಮಾ ಅಲ್ಲದಿದ್ದರೂ 'ಶೋಲೆ' ಬಿಡೋಕಾಗಲ್ಲ. ರಾಮದೇವರ ಬೆಟ್ಟದ ಬುಡದಲ್ಲಿ ಊರಿನ ಸೆಟ್ ಹಾಕಿ, 1973ರ ಅಕ್ಟೋಬರ್‌ನಲ್ಲಿ ಶೂಟಿಂಗ್ ಶುರು ಮಾಡಿದರು, ಬಿಡುಗಡೆ 1975ರ ಆಗಸ್ಟ್ 15ಕ್ಕೆ. ಅದರಲ್ಲಿ ಮುಚ್ಚಿಟ್ಟದ್ದು ಠಾಕೂರರ ಶಾಲಿನ ಕೆಳಗಿದೆ. ನಮ್ಮ ಬ್ಯಾಚ್‌ಗೆ ಮಾತ್ರ ಆ ಸಸ್ಪೆನ್ಸ್ ಸಿಗಲೇ ಇಲ್ಲ. ಮೀಮ್ ಮೊದಲು ನೋಡಿದ್ವಿ, ಸಿನಿಮಾ ಆಮೇಲೆ. ಮೊದಲು ತೆಗೆದ ಕೊನೆಯಲ್ಲಿ ಠಾಕೂರ್ ಗಬ್ಬರ್‌ನನ್ನ ಕೊಲ್ತಾರೆ. ತುರ್ತುಪರಿಸ್ಥಿತಿಯ ಸೆನ್ಸಾರ್ ಒಪ್ಪದೆ ಪೊಲೀಸರು ಬಂದು ತಡೆಯೋ ಹಾಗೆ ಬದಲಾಯ್ತು.

ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' (1984) ನಮ್ಮಲ್ಲಿ ಜಾಸ್ತಿ ಜನ ನೋಡಿಲ್ಲ. ಅದರ ಗುಹೆ ದೃಶ್ಯಗಳಿಗೆ ಬಂದಿದ್ದು ಮಾಗಡಿಯ ಸಾವನದುರ್ಗ ಮತ್ತು ರಾಮದೇವರ ಬೆಟ್ಟ. ಗುಹೆಯೊಳಗೆ ಒಬ್ಬ ಇಂಗ್ಲಿಷ್ ಹುಡುಗಿಗೆ ಏನೋ ಆಗುತ್ತೆ, ಡಾಕ್ಟರ್ ಅಜೀಜ್ ಮೇಲೆ ಕೇಸ್ ಬೀಳುತ್ತೆ, ಕೋರ್ಟಿಗೆ ಹೋಗುತ್ತೆ. ನಿಜವಾಗಿ ಏನಾಯ್ತು ಅಂತ ಕೊನೇವರೆಗೂ ಬಿಡಿಸಿ ಹೇಳಲ್ಲ. ಬಂಡೆ ಮಾತ್ರ ನೋಡಿದೆ. ಅದು ಕ್ಲೋಸ್‌ಪೇಟ್ ಗ್ರಾನೈಟ್, ರಾಮನಗರದ ಹಳೇ ಹೆಸರಿಂದಲೇ ಬಂದ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ, ಬಾಯಿ ಬಿಡೋ ಲಕ್ಷಣ ಇಲ್ಲ. ಮಾಗಡಿಯಿಂದ ದಿನಾ ಬಸ್ಸಲ್ಲಿ ಬರೋ ನಮ್ಮ ಗೆಳೆಯನಿಗೆ ಇದು ಗೊತ್ತೇ ಇರಲಿಲ್ಲ. "ನಮ್ ಬೆಟ್ಟ ಆಸ್ಕರ್‌ಗೆ ಹೋಗಿತ್ತಾ?" ಅಂದ. ಹೋಗಿತ್ತು, ಎರಡು ತಂದಿದೆ.

ಮುಂದಿನ ಶನಿವಾರ ಸಂಜೆ ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡಿದ ಮೇಲೆ 'ಆಕ್ಸಿಡೆಂಟ್' ಹಾಕ್ತೀವಿ. ಸಬ್‌ಟೈಟಲ್ ಇರಲ್ಲ. ಅರ್ಥ ಆಗದಿದ್ದರೆ ಚನ್ನಪಟ್ಟಣದವನ ಪಕ್ಕ ಕೂತ್ಕೊಳ್ಳಿ, ಅವನು ಪಾಸ್ ಮಾಡಿ ಹೇಳ್ತಾನೆ. ಒಂದು ಡೌಟಿಗೆ ಒಂದು ಟೀ.